ಬಿಳಿ ಬಾಲದ ಬಾಣಂತಿ

ನಮ್ಮ ಮನೆಯ ಎಲ್ಲಕ್ಕಿಂತ ದೊಡ್ಡ ಕೋಣೆ ನಮ್ಮದಾಗಿರಲಿಲ್ಲ, ರೇಷ್ಮೆ ಹುಳುಗಳದಾಗಿತ್ತು. ಕಳವಾರದ ಬೆಟ್ಟದ ಬುಡದಲ್ಲಿ, ಊರಿನ ಕೊನೆಯ ಸಾಲಿನಲ್ಲಿದ್ದ ಆ ಮನೆಗೆ ಮುಂದೆ ಒಂದು ಜಗಲಿ, ಒಳಗೆ ಉದ್ದನೆಯ ನಡುಮನೆ, ಅದರ ಪಕ್ಕಕ್ಕೆ ಅಡುಗೆಮನೆ, ಹಿಂದೆ ಹಿತ್ತಲು, ಹಿತ್ತಲಿನ ಮೂಲೆಯಲ್ಲಿ ಕೊಟ್ಟಿಗೆ. ನಡುಮನೆಯಲ್ಲಿ ಆಳೆತ್ತರದ ಮರದ ಸ್ಟ್ಯಾಂಡುಗಳು, ಅವುಗಳ ಮೇಲೆ ಒಂದರ ಮೇಲೊಂದು ಬಿದಿರಿನ ತಟ್ಟೆಗಳು, ತಟ್ಟೆಗಳ ತುಂಬ ಹುಳು. ಹುಳು ಮನೆಗೆ ಬಂದ ದಿನದಿಂದ ಗೂಡು ಮಾರಾಟವಾಗುವವರೆಗೆ ಅಪ್ಪ ಆ ಸ್ಟ್ಯಾಂಡುಗಳ ನಡುವೆ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ನಾನು, ಅಮ್ಮ, ಅಜ್ಜಿ ಅಡುಗೆಮನೆಯಲ್ಲಿ ಕಾಲು ಮಡಚಿಕೊಂಡು ಮಲಗುತ್ತಿದ್ದೆವು. ಮನೆಗೆ ಬಂದ ನೆಂಟರನ್ನು ಜಗಲಿಯಲ್ಲೇ ಕೂರಿಸಿ ಮಾತಾಡಿಸಿ ಕಳಿಸುತ್ತಿದ್ದೆವು. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅವರ ಮನೆಯಲ್ಲೂ ಅದೇ ಕಥೆ.

ಹುಳು ಇದ್ದಷ್ಟು ದಿನ ಮನೆಗೆ ಬೇರೆಯದೇ ಕಾನೂನು. ಒಳಗೆ ಒಗ್ಗರಣೆ ಹಾಕುವಂತಿಲ್ಲ, ಘಾಟಿಗೆ ಹುಳು ಮೇವು ಬಿಡುತ್ತದೆ. ಅಪ್ಪ ಬೀಡಿ ಸೇದಬೇಕೆಂದರೆ ರಸ್ತೆಯಾಚೆಯ ಬಂಡೆಯವರೆಗೆ ಹೋಗಬೇಕು, ಬಂದು ಬಾಯಿ ಮುಕ್ಕಳಿಸಬೇಕು. ಹೊರಗಿನಿಂದ ಬಂದವರೆಲ್ಲ ಬಾಗಿಲ ಹತ್ತಿರ ಇಟ್ಟ ಸುಣ್ಣದ ನೀರಿನಲ್ಲಿ ಕಾಲು ಅದ್ದಬೇಕು. ಈ ಕಾನೂನನ್ನು ಕಾಯುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ. ಗೌರಿಬಿದನೂರಿನಾಚೆ ಆಂಧ್ರದ ಗಡಿಯ ಹಳ್ಳಿಯಿಂದ ಈ ಮನೆಗೆ ಸೊಸೆಯಾಗಿ ಬಂದವಳು, ಸಿಟ್ಟು ಬಂದರೆ ತೆಲುಗು ಆಡುತ್ತಿದ್ದಳು, ಪ್ರೀತಿ ಬಂದರೂ ತೆಲುಗೇ. ಎರಡರಲ್ಲಿ ಯಾವುದು ಬಂದಿದೆ ಎಂದು ನಾವು ಮುಖ ನೋಡಿ ತಿಳಿದುಕೊಳ್ಳಬೇಕಿತ್ತು. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಅವಳು ಮಾಡುತ್ತಿದ್ದ ಅವರೆಕಾಳಿನ ಸಾರಿಗೆ ಅಲ್ಲೇ ಬಯಲಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬೀಳುತ್ತಿತ್ತು. ಗಾಳಿ ಮನೆಯ ಕಡೆ ತಿರುಗಿದರೆ ಆ ದಿನ ಒಗ್ಗರಣೆ ಇಲ್ಲ. ಅಪ್ಪ ಮುದ್ದೆ ಮುರಿಯುತ್ತ ಗೊಣಗುತ್ತಿದ್ದ.

"ಹುಳಕ್ಕಿರೋ ಮರ್ಯಾದೆ ಈ ಮನೇಲಿ ನಂಗಿಲ್ಲ."

"ನೀನೂ ಗೂಡು ಕಟ್ಟು, ನಿಂಗೂ ಕೊಡ್ತೀವಿ" ಎಂದು ಅಜ್ಜಿ ಸಾರು ಬಡಿಸುತ್ತಿದ್ದಳು.

ನಾನು ಹೇಳಹೊರಟಿರುವ ವರ್ಷ ನನಗೆ ಒಂಬತ್ತೋ ಹತ್ತೋ ಇರಬೇಕು. ಅಮ್ಮ ಬಸುರಿಯಾಗಿದ್ದಳು. ನನ್ನ ನಂತರ ಬಹಳ ಕಾಲದ ಮೇಲೆ ನಿಂತ ಬಸಿರು. ತನ್ನ ಹಳೆಯ ನೀಲಿ ಹೂವಿನ ಸೀರೆಯನ್ನು ಹರಿದು, ಒಗೆದು ಒಗೆದು ಮೆತ್ತಗೆ ಮಾಡಿ, ಕುಲಾವಿ ಹೊಲಿದಿದ್ದಳು, ಹೊದಿಸುವ ಬಟ್ಟೆ ಮಾಡಿದ್ದಳು. ನೋವು ಬಂದಾಗ ಅಪ್ಪ, ಅಜ್ಜಿ ಸೇರಿ ಅವಳನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಗು ಉಸಿರಿಲ್ಲದೆ ಹುಟ್ಟಿತು. ಅಮ್ಮನಿಗೆ ಎಚ್ಚರವಿರಲಿಲ್ಲ, ಆಮೇಲೆ ಜ್ವರ ಏರಿ ಕೆಲವು ದಿನ ಅಲ್ಲೇ ಇರಬೇಕಾಯಿತು. ಅವಳು ಕಣ್ಣು ಬಿಡುವಷ್ಟರಲ್ಲಿ ಅಜ್ಜಿ ಆ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ತಂದು ಮಣ್ಣು ಮಾಡಿ ಆಗಿತ್ತು. ಎಲ್ಲಿ ಎಂದು ಅಮ್ಮನಿಗೆ ಯಾರೂ ಹೇಳಲಿಲ್ಲ. ಗಂಡೋ ಹೆಣ್ಣೋ ಎಂಬುದನ್ನೂ ಹೇಳಲಿಲ್ಲ. ನೋಡದಿದ್ದರೆ, ತಿಳಿಯದಿದ್ದರೆ ಬೇಗ ಮರೆಯುತ್ತಾಳೆ ಎಂಬುದು ಆಗಿನವರ ನಂಬಿಕೆ. ಅದರಲ್ಲಿ ಕೇಡು ಇರಲಿಲ್ಲ, ಕನಿಕರವೇ ಇತ್ತು. ಅಮ್ಮನೂ ಕೇಳಲಿಲ್ಲ.

ಅವಳು ಮನೆಗೆ ಬಂದ ಮೇಲೆ ನನಗೆ ನೆನಪಿರುವುದು ಮಲ್ಲಿಗೆಯ ವಾಸನೆ. ಹಾಲು ಬತ್ತಲೆಂದು ಅಜ್ಜಿ ಮಲ್ಲಿಗೆ ಹೂವನ್ನು ಬಟ್ಟೆಯಲ್ಲಿಟ್ಟು ಅವಳ ಎದೆಗೆ ಬಿಗಿಯಾಗಿ ಕಟ್ಟುತ್ತಿದ್ದಳು. ಮುಡಿಯಲ್ಲಿ ಒಂದೂ ಹೂವಿಲ್ಲದ ಅಮ್ಮ ಮದುವೆಮನೆಯ ಹಾಗೆ ಘಮಘಮ ಎನ್ನುತ್ತಿದ್ದಳು. ಅದು ಯಾಕೆಂದು ಆಗ ನನಗೆ ಗೊತ್ತಿರಲಿಲ್ಲ. ಅಪ್ಪ ಮೊದಲೇ ಹೇಳಿ ತರಿಸಿದ್ದ ಹುಳುವಿನ ಮೊಟ್ಟೆ ಅದೇ ವಾರ ಒಡೆದು ಹುಳು ಹೊರಬಂದಿತ್ತು, ಆದ್ದರಿಂದ ಮನೆಗೆ ಕಾನೂನೂ ಬಂದಿತ್ತು. ಮಲ್ಲಿಗೆಯ ಘಾಟು ಹುಳುವಿಗೆ ಆಗದು ಎಂದು ಅಮ್ಮ ನಡುಮನೆಗೆ ಕಾಲಿಡುವಂತಿರಲಿಲ್ಲ. ಪ್ರತಿ ಬೆಳೆಯಲ್ಲೂ ಸೊಪ್ಪು ಕತ್ತರಿಸಿ ಹುಳುವಿಗೆ ಹಾಕುತ್ತಿದ್ದವಳು ಅವಳೇ. ಈಗ ಅಡುಗೆಮನೆಯ ಗೋಡೆಗೆ ಒರಗಿ ಕೂತು, ನಡುಮನೆಯಿಂದ ಬರುತ್ತಿದ್ದ ಸದ್ದು ಕೇಳುತ್ತ, ಅಲ್ಲಿಂದಲೇ ನನಗೆ ಒಂದೊಂದು ಮಾತು ಹೇಳುತ್ತಿದ್ದಳು.

"ಸರೋಜಮ್ಮ, ಮೇಲಿನ ತಟ್ಟೆಗೆ ಇನ್ನೂ ಹಾಕಿಲ್ಲ ಅನ್ನು ನಿಮ್ಮಪ್ಪಂಗೆ."

ಅದು ನಿಜವೇ ಇರುತ್ತಿತ್ತು. ಹಾಕಿರುತ್ತಿರಲಿಲ್ಲ.

ಹುಳು ದೊಡ್ಡದಾಗುವಾಗ ಒಂದೊಂದು ಸಲ ಮೇವು ಬಿಟ್ಟು, ತಲೆ ಎತ್ತಿ ಅಲುಗದೆ ಮಲಗುತ್ತದೆ. ಅದು ಪೊರೆ ಕಳಚುವ ಹೊತ್ತು, ನಾವು ಅದನ್ನು ಜ್ವರ ಎನ್ನುತ್ತೇವೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಬೆರಳುದ್ದ ಬೆಳೆದು, ಸೊಪ್ಪು ಹಾಕಿದಷ್ಟೂ ಸಾಲದು ಎಂದು ತಿನ್ನುತ್ತದೆ. ಆ ಒಂದು ವಾರ ನಿಭಾಯಿಸಿದರೆ ಬೆಳೆ ಕೈಗೆ ಬಂದ ಹಾಗೆ. ಅಷ್ಟರಲ್ಲಿ ಅಮ್ಮನ ಮಲ್ಲಿಗೆ ನಿಂತಿತ್ತು. ಅಜ್ಜಿ ಬೇಡವೆಂದರೂ ಕೇಳದೆ ಮಿಂದು ಬಂದು ಹುಳುವಿನ ಕೋಣೆಗೆ ಹೊಕ್ಕಳು. ಒಳಗೆ ಹೋಗಿ ಸ್ವಲ್ಪ ಹೊತ್ತಾಗಿತ್ತೋ ಇಲ್ಲವೋ, ಕೆಳಗಿನ ಸಾಲಿನ ಒಂದು ತಟ್ಟೆಯ ಮುಂದೆ ನಿಂತುಬಿಟ್ಟಳು.

"ಈ ಮೂಲೇಲಿ ಹುಳ ಕಮ್ಮಿ ಆಗಿದೆ."

ಅಪ್ಪನೂ ಅದನ್ನು ನೋಡಿದ್ದ. ತಟ್ಟೆಯ ಅಂಚಿನಲ್ಲಿ ಸೊಪ್ಪು ಹಾಗೇ ಉಳಿದಿತ್ತು, ತಿನ್ನಬೇಕಾದ ಹುಳು ಇರಲಿಲ್ಲ. ಕೆಳಗೆ ನೆಲದ ಮೇಲೆ ಅರ್ಧ ಕಡಿದ ಒಂದು ಹುಳು ಬಿದ್ದಿತ್ತು. ಇಲಿ. ಹುಳುವಿನ ಮನೆಯಲ್ಲಿ ಪಾಷಾಣ ಇಡುವಂತಿಲ್ಲ, ಇಲಿಗಿಂತ ಮೊದಲು ಹುಳುವೇ ಸಾಯುತ್ತದೆ. ಅಪ್ಪ ತಂತಿಯ ಬೋನು ತಂದು, ಕೊಬ್ಬರಿ ಚೂರು ಸಿಕ್ಕಿಸಿ, ಸ್ಟ್ಯಾಂಡಿನ ಕಾಲ ಹತ್ತಿರ ಇಟ್ಟ.

ಬೆಳಗ್ಗೆ ನಾನು ಏಳುವಾಗ ಅಪ್ಪ ಬೋನನ್ನು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದ. ಅಲ್ಲಿ ದನಗಳಿಗೆ ನೀರಿಡುವ ಕಲ್ಲಿನ ತೊಟ್ಟಿ ಇತ್ತು. ಬೋನಿಗೆ ಬಿದ್ದ ಇಲಿಯನ್ನು ಬೋನಿನ ಸಮೇತ ಅದರಲ್ಲಿ ಮುಳುಗಿಸುವುದು ರೂಢಿ. ನಾನು ಹಿಂದೆಯೇ ಓಡಿದೆ. ಅಪ್ಪ ತೊಟ್ಟಿಯ ಹತ್ತಿರ ನಿಂತು ಬೋನನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ, ಮುಳುಗಿಸಿರಲಿಲ್ಲ.

ಅದು ನಾನು ಅಲ್ಲಿಯವರೆಗೆ ನೋಡಿದ್ದ ಯಾವ ಇಲಿಯ ಹಾಗೂ ಇರಲಿಲ್ಲ. ನಮ್ಮ ಮನೆಯ ಇಲಿಗಳಿಗೆ ಒಂದು ಕೊಳಕು ಕಂದು ಬಣ್ಣ, ಬೆನ್ನಿಗೂ ಹೊಟ್ಟೆಗೂ ಹೆಚ್ಚು ವ್ಯತ್ಯಾಸವಿಲ್ಲ, ಬಾಲ ಬೋಳು. ಇದರ ಬೆನ್ನಿನ ತುಪ್ಪಳ ಬೂದಿಗೆ ಸ್ವಲ್ಪ ಜೇನು ಕಲಸಿದ ಹಾಗೆ, ಮೆತ್ತಗೆ, ದಟ್ಟವಾಗಿ. ಪಕ್ಕೆಯವರೆಗೆ ಬಂದ ಆ ಬಣ್ಣ ಅಲ್ಲಿ ಗೆರೆ ಎಳೆದ ಹಾಗೆ ನಿಂತು, ಹೊಟ್ಟೆ ಅಚ್ಚ ಬಿಳಿ. ಪಾದಗಳೂ ಬಿಳಿ, ನಾಲ್ಕೂ. ಕಿವಿ ದೊಡ್ಡವು, ತೆಳ್ಳಗೆ, ಹಿಂದಿನಿಂದ ಬಿಸಿಲು ಬಿದ್ದಾಗ ನರ ಕಾಣುತ್ತಿದ್ದವು. ಕಣ್ಣು ಕಪ್ಪಾಗಿ, ಮುಖಕ್ಕೆ ಹೆಚ್ಚಾಯಿತು ಎನ್ನುವಷ್ಟು ದೊಡ್ಡದಾಗಿ, ಒದ್ದೆಯಾಗಿದ್ದವು. ಮೀಸೆ ಭುಜ ದಾಟಿ ಹಿಂದಕ್ಕೆ ಹೋಗಿತ್ತು. ಎಲ್ಲಕ್ಕಿಂತ ಚೆಂದ ಬಾಲ. ಮೈಗಿಂತ ಉದ್ದ. ಬುಡದ ಅರ್ಧ ಕಪ್ಪುಗಂದು, ತುದಿಯ ಅರ್ಧ ಬಿಳಿ, ಆ ಬಿಳಿ ಭಾಗದಲ್ಲಿ ಉದ್ದ ಕೂದಲು ಬೆಳೆದು ತುದಿ ಕುಂಚದ ಹಾಗೆ ಇತ್ತು. ಬೋನಿನ ಮೂಲೆಯಲ್ಲಿ ಒದ್ದಾಡದೆ ಕೂತು ಅದು ನಮ್ಮನ್ನೇ ನೋಡುತ್ತಿತ್ತು. ಹೊಟ್ಟೆಯ ಬಡಿತ ಮಾತ್ರ ಜೋರಾಗಿತ್ತು.

ಅಜ್ಜಿ ಬಂದಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಗ್ಗಿದಳು.

"ಇದು ಊರ್ ಇಲಿ ಅಲ್ಲ ಕಣೋ. ಬಾಲ ಚೂಡು, ಬಾಲ ನೋಡು. ಬೆಟ್ಟದಿಂದ ಇಳ್ದು ಬಂದಿರೋದು."

"ಎಲ್ಲಿಂದಾದ್ರೂ ಬರ್ಲಿ. ಹುಳ ತಿಂದಿದೆ" ಎಂದ ಅಪ್ಪ. ಆದರೂ ಬೋನನ್ನು ಕೈಯಲ್ಲೇ ಹಿಡಿದಿದ್ದ.

ಆಗ ಅಮ್ಮ ಅಡುಗೆಮನೆಯ ಹಿಂಬಾಗಿಲಿಗೆ ಬಂದು ನಿಂತಳು. ಅಲ್ಲಿಂದ ಒಂದು ಗಳಿಗೆ ನೋಡಿ, ಹತ್ತಿರ ಬಂದು, ಬೋನಿನ ಕೆಳಗೆ ಕೈ ಕೊಟ್ಟು ಅದನ್ನು ಇನ್ನಷ್ಟು ಮೇಲಕ್ಕೆ ಎತ್ತಿದಳು. ಬಿಳಿ ಹೊಟ್ಟೆಯ ತುಪ್ಪಳ ಕೆಲವು ಕಡೆ ಒದ್ದೆಯಾಗಿ ಅಂಟಿಕೊಂಡು, ನಡುವೆ ಮೊಲೆಗಳು ಕೆಂಪಗೆ ಊದಿದ್ದವು.

"ಇದಕ್ಕೆ ಹಾಲಿದೆ" ಎಂದಳು.

ಅಪ್ಪ ತೊಟ್ಟಿಯ ಕಡೆ ನೋಡಿದ, ಅಜ್ಜಿಯ ಕಡೆ ನೋಡಿದ. ಹುಳುವಿನ ವಿಷಯದಲ್ಲಿ ಅಜ್ಜಿ ಯಾವತ್ತೂ ಅವನ ಪಕ್ಷ. ಅಜ್ಜಿ ಬಾಯಿ ಬಿಡಲಿಲ್ಲ.

"ನಾಗರತ್ನ, ಇನ್ನೊಂದ್ ವಾರಕ್ಕೆ ಹುಳ ಹಣ್ಣಾಗಿ ಗೂಡು ಕಟ್ಟುತ್ತೆ. ಈಗ ಇದನ್ನ ಬಿಟ್ರೆ ಇವತ್ತೇ ಮತ್ತೆ ಬರುತ್ತೆ. ಮನೇಲಿ ಎಲ್ರೂ ಈ ಬೆಳೇನೇ ನಂಬ್ಕೊಂಡಿದೀವಿ."

"ಮರಿ ಎಲ್ಲೋ ಕಾಯ್ತಾ ಇರ್ತವೆ" ಎಂದಳು ಅಮ್ಮ. ದನಿ ಎತ್ತಲಿಲ್ಲ. ಬೋನಿನಿಂದ ಕೈಯನ್ನೂ ತೆಗೆಯಲಿಲ್ಲ.

ಅಪ್ಪ ಕೊನೆಗೆ ಬೋನನ್ನು ಅವಳ ಕೈಗೇ ಬಿಟ್ಟ.

"ಬೆಳೆ ಹೋದ್ರೆ ನನ್ನ ಕೇಳ್ಬೇಡಿ" ಎಂದು, ಸೊಪ್ಪಿನ ಗೋಣಿ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋದ.

ಅಮ್ಮ ಬೋನನ್ನು ನೆರಳಿಗಿಟ್ಟು ಅದರ ಮೇಲೆ ಒಂದು ಗೋಣಿ ಹೊದಿಸಿದಳು. ಆಮೇಲೆ ನಾನೂ ಅವಳೂ ಮರಿಗಳನ್ನು ಹುಡುಕಲು ಹೊರಟೆವು. ಸೌದೆಯ ರಾಶಿ ನೋಡಿದೆವು, ಹುಲ್ಲಿನ ಮೆದೆಯ ಬುಡ ನೋಡಿದೆವು, ಹಿತ್ತಲಿನ ಕಲ್ಲು ಬೇಲಿಯ ಸಂದುಗಳಲ್ಲಿ ಕಡ್ಡಿ ಹಾಕಿ ನೋಡಿದೆವು. ಎಷ್ಟೋ ದಿನಗಳಿಂದ ಅಮ್ಮ ನನ್ನ ಜೊತೆ ಹಾಗೆ ಓಡಾಡಿರಲಿಲ್ಲ. ಕೊಟ್ಟಿಗೆಯ ಹಿಂದೆ, ಗೋಡೆಗೂ ಬೇಲಿಗೂ ನಡುವೆ, ಹಳೆಯ ಕಾಲದ ಒಂದು ದೊಡ್ಡ ಮಣ್ಣಿನ ವಾಡೆ ಇತ್ತು. ಮೊದಲು ಅದರಲ್ಲಿ ರಾಗಿ ತುಂಬುತ್ತಿದ್ದರು, ಬಾಯಿ ಒಡೆದ ಮೇಲೆ ಅಲ್ಲಿ ತಂದು ಮಲಗಿಸಿದ್ದರು. ಅದರ ಬಾಯಿಗೆ ಯಾರೋ ಒಂದು ಹಲಗೆ ಅಡ್ಡ ಇಟ್ಟಿದ್ದರು. ಅಜ್ಜಿ ದೂರದಿಂದಲೇ ಕೂಗಿದಳು.

"ಅಲ್ಲಿ ಬೇಡ ಕಣೇ. ಅಲ್ಲೇನೂ ಇಲ್ಲ."

ಅಷ್ಟರಲ್ಲಿ ಅಮ್ಮ ಹಲಗೆ ಸರಿಸಿದ್ದಳು. ಒಳಗೆ ಒಂದು ಬಟ್ಟೆಯ ಗಂಟು ಇತ್ತು. ಗಂಟು ಬಿಚ್ಚಿಹೋಗಿ, ಬಟ್ಟೆಯನ್ನು ಎಳೆ ಎಳೆಯಾಗಿ ಹಲ್ಲಿನಲ್ಲಿ ಬಿಡಿಸಿ, ಒಣಹುಲ್ಲು, ಹಿಪ್ಪುನೇರಳೆಯ ತರಗು ಎಲೆಗಳ ಜೊತೆ ಸೇರಿಸಿ ಬಟ್ಟಲಿನಂಥ ಒಂದು ಗೂಡು ಕಟ್ಟಿತ್ತು ಆ ಇಲಿ. ಅಂಚಿನಲ್ಲಿ ಇನ್ನೂ ಹರಿಯದೆ ಉಳಿದ ತುಂಡುಗಳ ಮೇಲೆ ನೀಲಿ ಹೂವು ಕಾಣುತ್ತಿದ್ದವು. ಅಮ್ಮ ಆಸ್ಪತ್ರೆಯಿಂದ ಬರುವ ಮೊದಲು, ಕಣ್ಣಿಗೆ ಬೀಳದಿರಲಿ ಎಂದು ಅಜ್ಜಿ ಕುಲಾವಿ, ಹೊದಿಕೆ ಎಲ್ಲವನ್ನೂ ಗಂಟು ಕಟ್ಟಿ ಅಲ್ಲಿ ಬಚ್ಚಿಟ್ಟಿದ್ದಳು. ಸುಡಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಅಜ್ಜಿ ಹತ್ತಿರ ಬಂದು ನಿಂತಳು. ಅಮ್ಮ ಗೂಡಿನ ಅಂಚನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿದಳು.

"ಮೆತ್ತಗಿದೆ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಬೆಚ್ಚಗೂ ಇದೆ" ಎಂದಳು.

ಗೂಡಿನ ನಡುವೆ ಮರಿಗಳಿದ್ದವು. ಮೂರು. ನಾನು ಅದಕ್ಕೆ ಮೊದಲು ಇಲಿಮರಿ ನೋಡಿದ್ದೆ. ಹುಲ್ಲಿನ ಮೆದೆ ಬಿಚ್ಚುವಾಗ ಹತ್ತು, ಹನ್ನೆರಡು ಮರಿಗಳು ಸುಲಿದ ಕಡಲೆಕಾಯಿಯ ಹಾಗೆ ಕೆಂಪಗೆ ಒಂದರ ಮೇಲೊಂದು ಹೊರಳುತ್ತಿರುತ್ತಿದ್ದವು. ಅಜ್ಜಿ ಅವನ್ನು ಮೊರಕ್ಕೆ ತುಂಬಿ ಕೋಳಿಗೆ ಹಾಕುತ್ತಿದ್ದಳು. ಇವು ಮೂರೇ ಇದ್ದವು, ಆದರೆ ಒಂದೊಂದೂ ತುಂಬಿಕೊಂಡಿದ್ದವು, ಮಡಿಕೆ ಬಿದ್ದ ಕತ್ತಿನವರೆಗೆ ಹಾಲು ಕುಡಿದು ಬೆಳೆದಿದ್ದವು. ಬೆನ್ನಿನ ಮೇಲೆ ಬೂದುಬಣ್ಣದ ನವಿರು ಆಗತಾನೆ ಮೂಡುತ್ತಿತ್ತು. ಹೊಟ್ಟೆ ಗುಲಾಬಿ. ಕಣ್ಣು ಮುಚ್ಚಿದ್ದವು, ರೆಪ್ಪೆಯ ಒಳಗಿನ ಕಪ್ಪು ಗುಂಡು ಹೊರಗೆ ನೆರಳಿನ ಹಾಗೆ ಕಾಣುತ್ತಿತ್ತು. ಬಾಲದ ತುದಿ ಆಗಲೇ ಬಿಳಿಚಿಕೊಂಡಿತ್ತು. ಅಜ್ಜಿ ಕಡ್ಡಿಯಿಂದ ಗೂಡಿನ ಪಕ್ಕವನ್ನು ಮೆಲ್ಲಗೆ ಒತ್ತಿ ಹುಡುಕಿದಳು.

"ಮೂರೇನಾ? ಇನ್ನೆಲ್ಲೋ ಇರ್ಬೇಕು."

"ಇಲ್ಲ ಅತ್ತೆ. ಮೂರೇ. ಅದಕ್ಕೇ ಇಷ್ಟು ಚೆನ್ನಾಗಿವೆ."

ಈಚೆಗೆ ನಮ್ಮ ಬೆಟ್ಟದ ಮೇಲಿನ ಸಣ್ಣ ಪ್ರಾಣಿಗಳನ್ನು ಅಧ್ಯಯನ ಮಾಡಲು ಬಂದಿದ್ದ ಒಬ್ಬ ಹುಡುಗಿಯ ಹತ್ತಿರ ನಾನು ಇದನ್ನು ಹೇಳಿದೆ. ಶನಿವಾರ ಬಂತೆಂದರೆ ಬೆಟ್ಟ ಹತ್ತುವವರ ಕಾರುಗಳು ಈಗ ನಮ್ಮ ಹಳೆಯ ಜಗಲಿಯವರೆಗೂ ನಿಂತಿರುತ್ತವೆ. ಅವಳೂ ಅವರಲ್ಲೊಬ್ಬಳು ಎಂದುಕೊಂಡು ಮಾತಾಡಿಸಿದ್ದೆ. ಬಾಲದ ವರ್ಣನೆ ಕೇಳಿದ ಕೂಡಲೇ ಅವಳ ಮುಖ ಅರಳಿತು. ಅದು ಬಿಳಿಬಾಲದ ಕಾಡಿಲಿ ಎಂದಳು. ಬಂಡೆಗಳ ಸಂದಿನಲ್ಲಿ, ಮರದ ಪೊಟರೆಯಲ್ಲಿ ಇರುತ್ತದಂತೆ, ಮರ ಹತ್ತುವುದರಲ್ಲಿ ನಿಸ್ಸೀಮ. ಒಂದು ಸೂಲಿಗೆ ಎರಡು ಅಥವಾ ಮೂರು ಮರಿ, ಊರ ಇಲಿಯ ಹಾಗೆ ಡಜನ್ನುಗಟ್ಟಲೆ ಹೆರುವುದಿಲ್ಲ. ನಮ್ಮ ಅಮ್ಮ ಅದನ್ನು ಒಂದೇ ನೋಟಕ್ಕೆ ಹೇಳಿದ್ದಳು ಎಂದೆ. ಆ ಹುಡುಗಿ ನಕ್ಕಳು. ನಾನು ಅವಳಿಗೆ ಉಳಿದ ಕಥೆ ಹೇಳಲಿಲ್ಲ.

ಆ ದಿನ ಅಮ್ಮ ಬೋನನ್ನು ತಂದು ವಾಡೆಯ ಬಾಯಿಗೆ ಇಟ್ಟು ಬಾಗಿಲು ಎತ್ತಿದಳು. ಇಲಿ ತಕ್ಷಣ ಹೊರಗೆ ಹಾರಲಿಲ್ಲ. ಮೀಸೆ ಆಡಿಸುತ್ತ, ಮುಂಗಾಲು ಒಂದನ್ನು ಎತ್ತಿಕೊಂಡು, ವಾಸನೆ ನೋಡಿತು. ಆಮೇಲೆ ಸದ್ದಿಲ್ಲದೆ ಗೂಡಿನೊಳಗೆ ಹೋಗಿ ಮರಿಗಳ ಮೇಲೆ ಕೂತುಕೊಂಡಿತು. ಅಮ್ಮ ಹಲಗೆಯನ್ನು ಅರ್ಧ ಮುಚ್ಚಿ ನನ್ನ ಕೈ ಹಿಡಿದು ಈಚೆಗೆ ಕರೆತಂದಳು. ಒಳಗಿನಿಂದ ಮರಿಗಳು ಹಾಲು ಹೀರುವ ಚಿಕ್ಕ ಸದ್ದು ಬರುತ್ತಿತ್ತು. ಅಜ್ಜಿ ಅಲ್ಲೇ ಕಲ್ಲಿನ ಮೇಲೆ ಕೂತಳು, ಎಷ್ಟೋ ಹೊತ್ತಿನವರೆಗೆ ಏಳಲಿಲ್ಲ.

ಅಪ್ಪ ಮಧ್ಯಾಹ್ನ ಸೊಪ್ಪು ತಂದ. ಬೋನು ಖಾಲಿ ಇರುವುದನ್ನು ನೋಡಿದ. ಹುಳುವಿಗೆ ಮೇವು ಹಾಕಿ, ಉಂಡು, ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ. ಸಿಟ್ಟು ಮಾಡಿಕೊಂಡು ಹೋದ ಎಂದು ನಾವು ಅಂದುಕೊಂಡೆವು. ಬರುವಾಗ ಅವನ ತಲೆಯ ಮೇಲೆ ಹಳೆಯ ಎಣ್ಣೆ ಡಬ್ಬಗಳಿದ್ದವು. ಅವನ್ನು ಕತ್ತರಿಸಿ ತಗಡು ಮಾಡಿ, ಪ್ರತಿಯೊಂದು ಸ್ಟ್ಯಾಂಡಿನ ಕಾಲಿಗೂ ಸುತ್ತಿ ಮೊಳೆ ಹೊಡೆದ, ಇಲಿಯ ಉಗುರು ಜಾರುವ ಹಾಗೆ. ಗೋಡೆಯ ಮೇಲೆ ಹೆಂಚು ಸೇರುವ ಕಡೆ ಇದ್ದ ಸಂದುಗಳಿಗೆಲ್ಲ ಕಲ್ಲು ತುರುಕಿ ಮಣ್ಣು ಮೆತ್ತಿದ. ನಾನು ಮಣ್ಣು ಕಲಸಿ ಕೊಡುತ್ತಿದ್ದೆ. ಅಮ್ಮ ಕೆಳಗಿನಿಂದ ಏಣಿ ಹಿಡಿದಿದ್ದಳು.

"ಕಡೇ ಸಲ ಹೇಳ್ತೀನಿ, ನಂಗೆ ಆ ಇಲಿ ಮೇಲೆ ಪ್ರೀತಿ ಇಲ್ಲ" ಎಂದ ಅಪ್ಪ ಏಣಿಯ ಮೇಲಿನಿಂದ.

"ಗೊತ್ತು" ಎಂದಳು ಅಮ್ಮ.

ಹಾಗೆ ಹೇಳುವಾಗ ಅವಳ ಮುಖದ ಮೇಲೆ ನಗು ಕಂಡಿತು. ಆಸ್ಪತ್ರೆಯಿಂದ ಬಂದ ಮೇಲೆ ನಾನು ನೋಡಿದ ಮೊದಲ ನಗು ಅದು. ಅಪ್ಪನೂ ನೋಡಿದ. ನೋಡಿ, ಆಗಲೇ ಮೆತ್ತಿ ಮುಗಿಸಿದ್ದ ಜಾಗಕ್ಕೇ ಮತ್ತೆ ಮಣ್ಣು ಮೆತ್ತಿದ.

ಸಂಜೆ, ದನ ಕಟ್ಟುವ ಹೊತ್ತಿಗೆ, ಬೆಟ್ಟದ ನೆರಳು ನಮ್ಮ ಹಿತ್ತಲನ್ನು ಪೂರ್ತಿ ಮುಚ್ಚಿದ ಮೇಲೆ ಇಲಿ ಹೊರಬಂತು. ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ನಾವು ನಾಲ್ಕೂ ಜನ ಕೂತಿದ್ದೆವು. ಮೊದಲು ಅದರ ಬಾಲ ಕಂಡಿತು. ಮೈ ಮಣ್ಣಿನ ಬಣ್ಣಕ್ಕೆ ಸೇರಿಹೋಗಿತ್ತು, ಬಿಳಿ ಕುಂಚ ಮಾತ್ರ ನೆಲದಿಂದ ಸ್ವಲ್ಪ ಮೇಲೆ ತಾನೇ ತಾನಾಗಿ ಚಲಿಸುತ್ತಿರುವ ಹಾಗೆ ಬೇಲಿಯತ್ತ ಹೋಯಿತು. ಕಲ್ಲು ಹತ್ತುವಾಗ ಬಾಯಲ್ಲಿ ಮರಿ ಇರುವುದು ಕಂಡಿತು. ಮರಿಯ ಪಕ್ಕೆಯ ಚರ್ಮವನ್ನು ಹಲ್ಲಿನಲ್ಲಿ ಹಿಡಿದಿತ್ತು, ಮರಿ ಕಾಲು ಮಡಚಿಕೊಂಡು ಉಂಡೆಯಾಗಿ ಸುಮ್ಮನಿತ್ತು. ಬೇಲಿಯ ನೆತ್ತಿಯ ಮೇಲೆ ಓಡಿ, ಅದರ ಕೊನೆಯಿಂದ ಬೆಟ್ಟದ ಮೊದಲ ಬಂಡೆಗೆ ನೆಗೆದು, ಸಂದಿನಲ್ಲಿ ಮರೆಯಾಯಿತು. ನಾವು ಗೂಡು ಮುಟ್ಟಿದ್ದೆವು, ಆ ಮನೆ ಇನ್ನು ಅದಕ್ಕೆ ಬೇಡವಾಗಿತ್ತು.

ಬಹಳ ಹೊತ್ತಾದ ಮೇಲೆ ಮತ್ತೆ ಬಂತು, ಎರಡನೆಯದನ್ನು ಒಯ್ದಿತು. ಪಕ್ಕದ ಮನೆಯ ನಾಯಿ ಒಂದು ಸಲ ಬೊಗಳಿದಾಗ ಬೇಲಿಯ ಮೇಲೆ ಕಲ್ಲಿನ ಹಾಗೆ ನಿಂತುಬಿಟ್ಟಿತು. ಬಾಯಲ್ಲಿ ಅದರ ತೂಕಕ್ಕೆ ಸಣ್ಣದಲ್ಲದ ಮರಿ, ಮುಂದೆ ಗೂಬೆ ಹಾವುಗಳಿರುವ ಬೆಟ್ಟ. ಅಪ್ಪ ನೆಲದಿಂದ ಒಂದು ಹೆಂಟೆ ತೆಗೆದು ನಾಯಿಯತ್ತ ಎಸೆದ. ನಾಯಿ ಓಡಿತು. ಇಲಿ ಅಲುಗಿತು, ಹೋಯಿತು. ಮೂರನೆಯದನ್ನು ಒಯ್ಯುವಾಗ ಅದು ದಣಿದಿತ್ತು. ನೆಗೆತ ಮೊದಲಿನಂತಿರಲಿಲ್ಲ, ಬಂಡೆಗೆ ಹಾರುವ ಮೊದಲು ಎರಡು ಸಲ ಅಳತೆ ನೋಡಿಕೊಂಡಿತು. ಹಾರಿತು. ಅಜ್ಜಿ ತನಗೇ ಹೇಳಿಕೊಳ್ಳುವ ಹಾಗೆ, "ಎಂಥಾ ತಾಯಮ್ಮ" ಎಂದಳು.

ಮುಗಿಯಿತು ಎಂದು ಅಪ್ಪ ಏಳುತ್ತಿದ್ದ. ಅಮ್ಮ ಅವನ ಪಂಚೆಯ ಅಂಚು ಹಿಡಿದಳು. ಬೇಲಿಯ ಮೇಲೆ ಬಿಳಿ ಬಾಲ ಮತ್ತೆ ಬರುತ್ತಿತ್ತು. ವಾಡೆಯೊಳಗೆ ಹೋಯಿತು. ಒಳಗೆ ಹುಲ್ಲು, ತರಗು ಸರಿಸುವ ಸದ್ದು. ಖಾಲಿ ಗೂಡಿನ ಮೂಲೆ ಮೂಲೆಯನ್ನೂ ಅದು ಕೆದಕಿ ನೋಡುತ್ತಿತ್ತು. ಯಾವ ಮರಿಯೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಹೊರಗೆ ಬಂದು, ಒಂದು ಕ್ಷಣ ನಿಂತು, ಬರಿಬಾಯಲ್ಲಿ ಬೆಟ್ಟಕ್ಕೆ ಹೋಯಿತು. ಆಮೇಲೆ ಬರಲಿಲ್ಲ.

"ಖಾಲಿ ಅಂತ ಗೊತ್ತಿದ್ರೂ ಬಂದು ನೋಡ್ಕೊಂಡ್ ಹೋಯ್ತು" ಎಂದಳು ಅಮ್ಮ. ಸ್ವಲ್ಪ ತಡೆದು, ಯಾರ ಕಡೆಗೂ ನೋಡದೆ ಹೇಳಿದಳು. "ನಂಗೆ ಅದೂ ಆಗ್ಲಿಲ್ಲ."

ಅಜ್ಜಿ ಮಂಡಿಯ ಮೇಲೆ ಕೈಯೂರಿ ಎದ್ದು, ಅಮ್ಮನ ತಲೆಯ ಮೇಲೆ ಒಂದು ಸಲ ಕೈ ಇಟ್ಟು, ಒಳಗೆ ಹೋದಳು. ಆ ಹೊತ್ತು ಯಾರೂ ಸರಿಯಾಗಿ ಉಣ್ಣಲಿಲ್ಲ.

ಮುಂದೆ ನಾನು ನರ್ಸ್ ತರಬೇತಿ ಮುಗಿಸಿ ಹೆರಿಗೆ ವಾರ್ಡಿನಲ್ಲೇ ಹೆಚ್ಚು ವರ್ಷ ದುಡಿದೆ. ಉಸಿರಿಲ್ಲದ ಮಗು ಹುಟ್ಟಿದಾಗ ಹೊರಗೆ ನಿಂತ ಮನೆಯವರು ಎಷ್ಟೋ ಸಲ ನನ್ನ ಕೈ ಹಿಡಿದು, "ತೋರಿಸ್ಬೇಡಿ ಸಿಸ್ಟರ್, ತಡ್ಕೊಳಲ್ಲ ಅವ್ಳು" ಎನ್ನುತ್ತಿದ್ದರು. ನಾನು ತಾಯಿಯನ್ನೇ ಕೇಳುತ್ತಿದ್ದೆ. ಬೇಡ ಎಂದವರಿಗೆ ಒತ್ತಾಯ ಮಾಡುತ್ತಿರಲಿಲ್ಲ. ಬೇಕು ಎಂದವರಿಗೆ ಮಗುವನ್ನು ಒರೆಸಿ, ಸುತ್ತಿ, ತೋಳಿಗೆ ಕೊಟ್ಟು, ಪರದೆ ಎಳೆದು, ಹೊರಗೆ ನಿಂತುಕೊಳ್ಳುತ್ತಿದ್ದೆ. ಇದನ್ನು ನನಗೆ ತರಬೇತಿಯಲ್ಲಿ ಯಾರೂ ಕಲಿಸಿದ್ದಲ್ಲ.

ಇಲಿ ಹೋದ ಆ ರಾತ್ರಿ ಕಳೆದು ಬೆಳಗಾಗುತ್ತಲೇ ಅಜ್ಜಿ ಮಿಂದು, ಕುಂಕುಮದ ಬಟ್ಟಲು ಹಿಡಿದು ಅಮ್ಮನ ಮುಂದೆ ನಿಂತಳು.

"ಬಾ ನಾಗರತ್ನ. ಹೋಗಣ."

ಎಲ್ಲಿಗೆ ಎಂದು ಅಮ್ಮ ಕೇಳಲಿಲ್ಲ. ನನ್ನನ್ನು ಮನೆಯಲ್ಲೇ ಇರು ಎನ್ನಲು ಇಬ್ಬರಿಗೂ ನೆನಪಾಗಲಿಲ್ಲ, ನಾನು ಹಿಂದೆ ನಡೆದೆ. ನಮ್ಮ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಒಂದು ಹೊಂಗೆ ಮರ ಇತ್ತು. ಅಮ್ಮ ದಿನವೂ ಸೊಪ್ಪು ಕೊಯ್ದು ದಣಿದಾಗ ಕೂರುತ್ತಿದ್ದ ಮರ. ಅದರ ಬುಡದಲ್ಲಿ, ಬಿಸಿಲು ಬೀಳದ ಪಕ್ಕಕ್ಕೆ, ನಾಯಿ ನರಿ ಕೆದಕದ ಹಾಗೆ ಚಪ್ಪಡಿ ಕಲ್ಲು ಹೊದಿಸಿ, ಸುತ್ತ ಮುಳ್ಳಿನ ಕೊಂಬೆ ಇಟ್ಟಿತ್ತು. ಮುಳ್ಳು ಒಣಗಿರಲಿಲ್ಲ. ಅಜ್ಜಿ ಆಗಾಗ ಬಂದು ಹೊಸದು ಇಡುತ್ತಿದ್ದಳೆಂದು ಅದರಿಂದಲೇ ತಿಳಿಯಿತು. ಅವಳು ಕೊಂಬೆಗಳನ್ನು ಪಕ್ಕಕ್ಕೆ ಎಳೆದಳು. ಅಮ್ಮ ಕಲ್ಲಿನ ಹತ್ತಿರ ಕೂತಳು, ಅದರ ಮೇಲೆ ಬಿದ್ದ ಹೊಂಗೆ ಎಲೆಗಳನ್ನು ಒಂದೊಂದಾಗಿ ತೆಗೆದಳು.

"ಏನಿತ್ತು ಅತ್ತೆ?"

"ಹೆಣ್ಣು."

ಮೊಮ್ಮಗ ಬೇಕೆಂದು ಊರಿನ ದೇವರಿಗೆಲ್ಲ ಹರಕೆ ಹೊತ್ತಿದ್ದವಳು ಅಜ್ಜಿ. ಅಮ್ಮನ ಪಕ್ಕದಲ್ಲಿ ಅವಳೂ ನೆಲಕ್ಕೆ ಕೂತಳು.

"ಹಾಗೇ ಕಳ್ಸಿಲ್ಲ ಕಣೇ ನಾನು. ಮನೆಗೆ ತಂದು ನೀರ್ ಹುಯ್ದೆ. ತಣ್ಣೀರಲ್ಲ, ಒಲೆ ಹಚ್ಚಿ ಬಿಸಿನೀರ್ ಕಾಸ್ದೆ. ಹುಟ್ಟಿದ್ ಮಗೂಗೆ ಹೆಂಗ್ ಹುಯ್ತೀವೋ ಹಂಗೇ, ಕಾಲ್ ಮೇಲೆ ಮಲಗಿಸ್ಕೊಂಡು."

ಅಮ್ಮ ತಲೆ ಎತ್ತಿ ಅವಳ ಮುಖ ನೋಡಿದಳು.

"ಹೆಂಗಿತ್ತು?"

ಅಜ್ಜಿ ಹೇಳಿದಳು. ಕೂದಲು ದಟ್ಟವಾಗಿ, ಕತ್ತಿನವರೆಗೆ ಇಳಿದಿತ್ತು, ನೀರು ಹಾಕಿದಾಗ ಸುರುಳಿ ಬಿಚ್ಚಿಕೊಂಡಿತು. ಹಣೆ ಅಗಲ, ಅಪ್ಪನದೇ. ಮೂಗು ಮಾತ್ರ ಅಮ್ಮನದು, ತುದಿ ಸ್ವಲ್ಪ ಎತ್ತಿಕೊಂಡು. ಕಿವಿಯ ಹಾಲೆ ಕೆನ್ನೆಗೆ ಅಂಟಿತ್ತು, ಓಲೆ ಹಾಕಿದ್ದರೆ ಚೆಂದ ಕೂರುತ್ತಿತ್ತು. ರೆಪ್ಪೆಯ ಕೂದಲು ಉದ್ದ. ಉಗುರು ಬೆರಳು ದಾಟಿ ಬೆಳೆದಿದ್ದವು, ಅದಕ್ಕೇ ಅವನ್ನು ಕಚ್ಚಿ ತೆಗೆದೆ ಎಂದಳು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಅಜ್ಜಿ ಆ ಮಗುವನ್ನು ಒಂದು ಹೊತ್ತೂ ನೋಡಿರಲಾರಳು. ಆದರೆ ಏನೊಂದನ್ನೂ ಬಿಟ್ಟಿರಲಿಲ್ಲ. ಹೇಳುತ್ತ ಹೇಳುತ್ತ ಅವಳ ಕೈಗಳು ಮಡಿಲಿನಲ್ಲಿ ಆ ಅಳತೆಗೆ ತಾವೇ ಅಗಲವಾಗಿ ನಿಂತಿದ್ದವು. ಅಮ್ಮ ಅವಳ ಭುಜಕ್ಕೆ ತಲೆಯಿಟ್ಟು ಅತ್ತಳು. ಎಷ್ಟೋ ದಿನದಿಂದ ಕಟ್ಟಿ ನಿಲ್ಲಿಸಿದ್ದ ಅಳು, ಮೈಯೆಲ್ಲ ಅಲುಗಿತು. ಅಜ್ಜಿ ತೆಲುಗಿನಲ್ಲಿ ಏನೇನೋ ಹೇಳುತ್ತ ಅವಳ ಬೆನ್ನು ಸವರುತ್ತಿದ್ದಳು.

ಬಿಸಿಲು ಏರಿತು. ಹುಳುವಿಗೆ ಮೇವಿನ ಹೊತ್ತಾಗಿತ್ತು, ಆ ವಾರ ಯಾವ ದುಃಖಕ್ಕೂ ಅವು ಕಾಯುವುದಿಲ್ಲ. ಅಮ್ಮ ಮುಖ ಒರೆಸಿಕೊಂಡು ಎದ್ದು, ಕಲ್ಲಿಗೆ ಕುಂಕುಮ ಇಟ್ಟು, ಸೆರಗು ಬಿಗಿದು, ಅಲ್ಲೇ ಸೊಪ್ಪು ಕೊಯ್ಯತೊಡಗಿದಳು. ಅಜ್ಜಿಯೂ ಕೊಯ್ದಳು, ನಾನೂ ಕೊಯ್ದೆ. ಗೋಣಿ ತುಂಬಿದ ಮೇಲೆ ಮೂವರೂ ಮನೆಯ ಕಡೆ ಹೊರಟೆವು. ಬದು ಇಳಿಯುವಾಗ ಅಮ್ಮ ಹಿಂದಿನಿಂದ ಅಜ್ಜಿಯ ಸೆರಗು ಹಿಡಿದಳು.

"ಇನ್ನೊಂದ್ ಸಲ ಹೇಳಿ ಅತ್ತೆ."

ಅಜ್ಜಿ ನಡಿಗೆ ನಿಧಾನ ಮಾಡಿ, ಅಮ್ಮ ತನ್ನ ಪಕ್ಕಕ್ಕೆ ಬರುವವರೆಗೆ ಕಾದು, ಕೂದಲಿನಿಂದ ಶುರು ಮಾಡಿದಳು.